ಟ್ರೆಡ್‌ಮಿಲ್ 310 ಅನ್ನುತ್ತೆ, ವಾಚ್ 264, ಮೊಬೈಲ್ 178: ಯಾವುದನ್ನು ನಂಬಲಿ?

ಪ್ರಶ್ನೆ: ನನಗೆ 41 ವರ್ಷ. ಎತ್ತರ 158 ಸೆಂ.ಮೀ., ತೂಕ 62 ಕಿಲೋ. ವಾರಕ್ಕೆ ಐದು ದಿನ ಟ್ರೆಡ್‌ಮಿಲ್ ಮೇಲೆ 40 ನಿಮಿಷ ನಡೆಯುತ್ತೇನೆ. ವೇಗ ಗಂಟೆಗೆ 5.5 ಕಿ.ಮೀ., ಏರು ಶೇ 4. ಹಸಿರು ಬಟನ್ ಒತ್ತಿ ಶುರು ಮಾಡುತ್ತೇನೆ, ಬೇರೇನೂ ಸೆಟ್ ಮಾಡುವುದಿಲ್ಲ. ಮುಗಿದಾಗ ಟ್ರೆಡ್‌ಮಿಲ್ 310 ಕ್ಯಾಲೊರಿ ತೋರಿಸುತ್ತದೆ. ಕೈಯಲ್ಲಿರುವ ವಾಚ್ 264 ಅನ್ನುತ್ತದೆ, ಮೊಬೈಲ್ ಆಪ್ 178. ಮೂರರಲ್ಲಿ ಯಾವುದು ಸರಿ? ನಾನು ಟ್ರೆಡ್‌ಮಿಲ್ ಲೆಕ್ಕ ನಂಬಿ ದಿನವೂ ಅಷ್ಟು ಜಾಸ್ತಿ ತಿನ್ನುತ್ತಿದ್ದೇನೆ. ನಾಲ್ಕು ತಿಂಗಳಾಯಿತು, ತೂಕ ಒಂದಿಷ್ಟೂ ಇಳಿದಿಲ್ಲ. ಶುರುವಿನಲ್ಲಿ ವಾಚ್ 300 ತೋರಿಸುತ್ತಿತ್ತು, ಈಗ ಅಷ್ಟೇ ನಡೆದರೂ 264. ನನ್ನ ಮೆಟಬಾಲಿಸಂ ಕುಸಿದಿದೆಯಾ? ಕೊನೆಗೊಂದು: ಕಂಬಿ ಹಿಡಿದು ನಡೆಯಬೇಡ ಅಂತ ಗೆಳತಿ ಬೈಯುತ್ತಾಳೆ. ಅದರಿಂದ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಉತ್ತರ: ಮೂರೂ ಸರಿಯಿಲ್ಲ. ಆದರೆ ಒಂದೊಂದೂ ಯಾಕೆ ತಪ್ಪುತ್ತಿದೆ ಅಂತ ನಿಮ್ಮ ಪತ್ರದಲ್ಲಿರುವ ಅಂಕಿಗಳಿಂದಲೇ ಕಂಡುಹಿಡಿಯಬಹುದು. ಇಷ್ಟು ವಿವರವಾಗಿ ಬರೆದದ್ದಕ್ಕೆ ಥ್ಯಾಂಕ್ಸ್. ಸಾಮಾನ್ಯವಾಗಿ ನನಗೆ "ನನ್ನ ವಾಚ್ ಸರಿ ಇದೆಯಾ ಸರ್?" ಅಂತ ಒಂದೇ ಸಾಲು ಬರುತ್ತದೆ. ಅದಕ್ಕೆ ಏನು ಹೇಳಲಿ!

ಮೊದಲು ಒಂದು ವಿಷಯ. ಈ ಮೂರರಲ್ಲಿ ಯಾವುದೂ ಕ್ಯಾಲೊರಿಯನ್ನು ಅಳೆಯುವುದಿಲ್ಲ. ಟ್ರೆಡ್‌ಮಿಲ್‌ಗೆ ಗೊತ್ತಿರುವುದು ತನ್ನ ಬೆಲ್ಟ್ ಎಷ್ಟು ಜೋರಾಗಿ ಓಡುತ್ತಿದೆ, ಎಷ್ಟು ಏರಿದೆ ಅನ್ನುವುದಷ್ಟೇ. ವಾಚ್‌ಗೆ ಗೊತ್ತಿರುವುದು ಮಣಿಕಟ್ಟಿನ ನಾಡಿ ಮತ್ತು ಕೈಯ ಅಲುಗಾಟ. ಮೊಬೈಲ್‌ಗೆ ಹೆಜ್ಜೆ ಮಾತ್ರ ಗೊತ್ತು. ಅಲ್ಲಿಂದ ಕ್ಯಾಲೊರಿಯವರೆಗಿನ ದಾರಿಯನ್ನು ಮೂರೂ ಊಹೆಯ ಮೇಲೆ ದಾಟುತ್ತವೆ. ಊಹೆ ಅಂದರೆ ಸುಮ್ನೆ ಬಾಯಿಗೆ ಬಂದದ್ದಲ್ಲ, ಲೆಕ್ಕ ಹಾಕಿದ ಊಹೆಯೇ. ಆದರೆ ಆ ಲೆಕ್ಕದೊಳಗೆ ಕೂತಿರುವುದು ನೀವಲ್ಲ, ಯಾರೋ ಒಬ್ಬ "ಸರಾಸರಿ ಮನುಷ್ಯ".

ನಿಜವಾಗಿ ಅಳೆಯುವುದು ಹೇಗೆ ಅಂತ ನೋಡಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ದೇಹ ಖರ್ಚು ಮಾಡುವ ಶಕ್ತಿಯ ಬಹುಪಾಲು ಶಾಖವಾಗಿ ಹೊರಬರುತ್ತದೆ. ಹಾಗಾಗಿ ಹಿಂದಿನವರು ಶಾಖವನ್ನೇ ಹಿಡಿಯಲು ಹೋದರು. 1780ರ ದಶಕದಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳಾದ ಲವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿ ಪಿಗ್ ಅನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯೊಳಗೆ ಕೂರಿಸಿದರು. ಕರಗಿ ಬಂದ ನೀರನ್ನು ತೂಗಿ ಆ ಪ್ರಾಣಿಯ ಶಾಖವನ್ನು ಲೆಕ್ಕ ಹಾಕಿದರು. 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಟ್‌ವಾಟರ್ ಮತ್ತು ರೋಸಾ ಮನುಷ್ಯನೇ ದಿನಗಟ್ಟಲೆ ಇರಬಹುದಾದ ಕೋಣೆಯೊಂದನ್ನು ಕಟ್ಟಿದರು. ಗೋಡೆಯೊಳಗಿನ ಕೊಳವೆಗಳಲ್ಲಿ ಹರಿಯುವ ನೀರು ಎಷ್ಟು ಬಿಸಿಯಾಯಿತು ಅಂತ ನೋಡಿ ಶಾಖ ಅಳೆಯುವ ಏರ್ಪಾಡು ಅದು.

ಈಗ ನಾವು ಅಷ್ಟೆಲ್ಲ ಕಷ್ಟಪಡುವುದಿಲ್ಲ. ಉಸಿರನ್ನು ನೋಡುತ್ತೇವೆ. ಸೌದೆ ಉರಿಯಲು ಗಾಳಿ ಬೇಕಲ್ವಾ, ಹಾಗೆಯೇ ದೇಹಕ್ಕೂ. ಎಷ್ಟು ಆಕ್ಸಿಜನ್ ಖರ್ಚಾಯಿತೋ ಅದಕ್ಕೆ ತಕ್ಕಷ್ಟು ಇಂಧನ ಉರಿದಿದೆ. ಒಂದು ಲೀಟರ್ ಆಕ್ಸಿಜನ್‌ಗೆ ಸುಮಾರು 5 ಕ್ಯಾಲೊರಿ. ಬರೀ ಕೊಬ್ಬು ಉರಿಯುತ್ತಿದ್ದರೆ 4.7ರ ಹತ್ತಿರ, ಬರೀ ಕಾರ್ಬೋಹೈಡ್ರೇಟ್ ಆದರೆ 5ಕ್ಕಿಂತ ಚೂರು ಮೇಲೆ. ನಾನು ಇಲ್ಲಿ ಕ್ಯಾಲೊರಿ ಅನ್ನುತ್ತಿರುವುದು ತಿಂಡಿ ಪೊಟ್ಟಣದ ಮೇಲೆ ಬರೆಯುವ ಕ್ಯಾಲೊರಿಯನ್ನೇ. ವಿಜ್ಞಾನದ ಲೆಕ್ಕದಲ್ಲಿ ಅದು ಕಿಲೋಕ್ಯಾಲೊರಿ.

ಲ್ಯಾಬ್‌ನಲ್ಲಿ ಇದು ಹೇಗಿರುತ್ತದೆ ಅಂತ ಹೇಳುತ್ತೇನೆ. ಮುಖಕ್ಕೆ ರಬ್ಬರ್ ಮಾಸ್ಕ್ ಹಾಕಿ ತಲೆಯ ಹಿಂದೆ ಪಟ್ಟಿ ಬಿಗಿಯುತ್ತೇವೆ. ಮಾಸ್ಕ್ ಬಾಯಿಗೆ ಅಂಗೈ ಅಡ್ಡ ಇಟ್ಟು "ಜೋರಾಗಿ ಊದಿ" ಅನ್ನುತ್ತೇವೆ. ಕೆನ್ನೆಯ ಪಕ್ಕದಿಂದ ಚೂರು ಗಾಳಿ ಸೋರಿದರೂ ಪರೀಕ್ಷೆ ದಂಡ. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ ಶೇ 20.9ರಷ್ಟಿರುತ್ತದೆ. ಚುರುಕಾಗಿ ನಡೆಯುತ್ತಿರುವವರು ಬಿಡುವ ಉಸಿರಿನಲ್ಲಿ ಅದು ಶೇ 17ರ ಆಸುಪಾಸಿಗೆ ಇಳಿದಿರುತ್ತದೆ. ಅಂದರೆ ನೂರು ಲೀಟರ್ ಗಾಳಿಯಲ್ಲಿ ಸುಮಾರು 4 ಲೀಟರ್ ಆಕ್ಸಿಜನ್ ದೇಹದೊಳಗೇ ಉಳಿಯಿತು. ನಿಮಿಷಕ್ಕೆ 30 ಲೀಟರ್ ಗಾಳಿ ಎಳೆದುಕೊಳ್ಳುತ್ತಿದ್ದರೆ ಖರ್ಚಾದದ್ದು 1.2 ಲೀಟರ್. ಐದರಿಂದ ಗುಣಿಸಿ: ನಿಮಿಷಕ್ಕೆ 6 ಕ್ಯಾಲೊರಿ. ಇಷ್ಟೇ ವಿದ್ಯೆ. ಮೊದಲ ಎರಡು ಮೂರು ನಿಮಿಷ ಪರದೆ ಮೇಲಿನ ಅಂಕಿ ಏರುತ್ತಾ ಹೋಗಿ ಆಮೇಲೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆ ನಿಂತ ಅಂಕಿಯನ್ನು.

ಆ 1.2 ಲೀಟರನ್ನು ನೆನಪಿಟ್ಟುಕೊಳ್ಳಿ. ಅದು ನಿಮ್ಮದೇ ಅಂಕಿ.

ಹೇಗೆ ಅಂದರೆ, ಇಂಥ ಪರೀಕ್ಷೆಗಳನ್ನು ಸಾಕಷ್ಟು ಜನರ ಮೇಲೆ ಮಾಡಿದ ಮೇಲೆ ವೇಗ ಮತ್ತು ಏರಿನಿಂದಲೇ ಆಕ್ಸಿಜನ್ ಅಂದಾಜು ಮಾಡುವ ಸೂತ್ರಗಳು ಹುಟ್ಟಿಕೊಂಡವು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನವರ ನಡಿಗೆ ಸೂತ್ರ ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ವೇಗವನ್ನು ನಿಮಿಷಕ್ಕೆ ಎಷ್ಟು ಮೀಟರ್ ಅಂತ ಬರೆದುಕೊಳ್ಳಬೇಕು. ಅದರ ಹತ್ತನೇ ಒಂದು ಭಾಗ ಸಮತಟ್ಟು ನಡಿಗೆಗೆ. ವೇಗವನ್ನು ಏರಿನಿಂದಲೂ (ಶೇ 4 ಅಂದರೆ 0.04) 1.8ರಿಂದಲೂ ಗುಣಿಸಿದ್ದು ಹತ್ತುವುದಕ್ಕೆ. ಕೊನೆಗೆ 3.5 ಸುಮ್ನೆ ಬದುಕಿರುವುದಕ್ಕೆ. ಮೂರನ್ನೂ ಕೂಡಿಸಿದರೆ ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಕ್ಸಿಜನ್ ಅಂತ ಸಿಗುತ್ತದೆ. ನಿಮ್ಮ ವೇಗ ನಿಮಿಷಕ್ಕೆ 91.7 ಮೀಟರ್. ಹಾಗಾಗಿ 9.2, 6.6 ಮತ್ತು 3.5, ಒಟ್ಟು 19.3. ಅದನ್ನು ನಿಮ್ಮ 62 ಕಿಲೋದಿಂದ ಗುಣಿಸಿದರೆ ನಿಮಿಷಕ್ಕೆ 1.2 ಲೀಟರ್. ಅಂದರೆ 6 ಕ್ಯಾಲೊರಿ. ನಲವತ್ತು ನಿಮಿಷಕ್ಕೆ ಸುಮಾರು 239.

ಈಗ ಟ್ರೆಡ್‌ಮಿಲ್‌ನ 310ಕ್ಕೆ ಬರೋಣ. ಹಸಿರು ಬಟನ್ ಒತ್ತಿ ಶುರು ಮಾಡುತ್ತೇನೆ ಅಂದಿರಿ. ಹಾಗೆ ಮಾಡಿದಾಗ ಯಂತ್ರಕ್ಕೆ ನಿಮ್ಮ ತೂಕ ಗೊತ್ತಿರುವುದಿಲ್ಲ. ಕಂಪನಿಯವರು ಒಳಗೆ ಹಾಕಿಟ್ಟ ಯಾವುದೋ ತೂಕವನ್ನೇ ಅದು ನಿಮ್ಮದು ಅಂದುಕೊಳ್ಳುತ್ತದೆ. ಇದೇ ಸೂತ್ರಕ್ಕೆ 80 ಕಿಲೋ ಹಾಕಿ ನೋಡಿದೆ. ಉತ್ತರ 308. ನಿಮ್ಮ ಟ್ರೆಡ್‌ಮಿಲ್‌ನ ಹೊಟ್ಟೆಯೊಳಗೆ ಏನಿದೆ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ನಾಲ್ಕು ತಿಂಗಳಿನಿಂದ ಅದು ಯಾರೋ 80 ಕಿಲೋದವರ ಲೆಕ್ಕವನ್ನು ನಿಮಗೆ ಕೊಡುತ್ತಿದೆ ಅನ್ನುವುದೇ ನನ್ನ ಅನುಮಾನ. ನಾಳೆ ಶುರು ಮಾಡುವ ಮೊದಲು ತೂಕ ಹಾಕಿ ನೋಡಿ. ಅಂಕಿ ದಬಕ್ಕನೆ ಬೀಳುತ್ತದೆ, ನೋಡುತ್ತಿರಿ.

ಮೊಬೈಲ್‌ನ 178 ಇನ್ನೂ ಸುಲಭ. ಫೋನಿಗೆ ಹೆಜ್ಜೆ ತಿಳಿಯುತ್ತದೆ, ಏರು ತಿಳಿಯುವುದಿಲ್ಲ. ಟ್ರೆಡ್‌ಮಿಲ್ ಮೇಲೆ ನೀವು ಎಷ್ಟೇ ಏರು ಹತ್ತಿದರೂ ಫೋನ್ ಇರುವುದು ಅದೇ ಎತ್ತರದಲ್ಲಿ! ಹಾಗಾಗಿ ಅದು ನಿಮ್ಮದನ್ನು ಸಮತಟ್ಟು ನಡಿಗೆ ಅಂದುಕೊಂಡು ಒಂದು ಪಟ್ಟಿಯಿಂದ ಅಂಕಿ ಎತ್ತಿಕೊಳ್ಳುತ್ತದೆ. ಆ ಪಟ್ಟಿಗೂ ಹೆಸರಿದೆ: ಕಂಪೆಂಡಿಯಂ ಆಫ್ ಫಿಸಿಕಲ್ ಆಕ್ಟಿವಿಟೀಸ್. ಮೊದಲು ಬಂದದ್ದು 1993ರಲ್ಲಿ, ಆಮೇಲೆ ಹಲವು ಸಲ ತಿದ್ದಿದ್ದಾರೆ. ನಡಿಗೆ, ಓಟ, ಈಜು, ಕಸ ಗುಡಿಸುವುದು, ಪಿಟೀಲು ನುಡಿಸುವುದು, ಹೀಗೆ ನೂರಾರು ಕೆಲಸಗಳಿಗೆ ಅದರಲ್ಲಿ ಒಂದೊಂದು "ಮೆಟ್" ಅಂಕಿ ಇದೆ. ಸುಮ್ಮನೆ ಕೂತಾಗಿನ ಖರ್ಚು 1 ಮೆಟ್. ಅದರ ಎಷ್ಟು ಪಟ್ಟು ಅನ್ನುವುದೇ ಉಳಿದ ಅಂಕಿ. 2011ರ ಪಟ್ಟಿಯಲ್ಲಿ ಗಂಟೆಗೆ 5.6 ಕಿ.ಮೀ. ವೇಗದ ಚುರುಕು ನಡಿಗೆಗೆ 4.3 ಮೆಟ್. ಒಂದು ಮೆಟ್ ಅಂದರೆ ಕಿಲೋಗೆ ಗಂಟೆಗೆ ಸುಮಾರು 1 ಕ್ಯಾಲೊರಿ. 4.3, 62, ಮತ್ತು ಗಂಟೆಯ ಮೂರನೇ ಎರಡು ಭಾಗ; ಗುಣಿಸಿದರೆ 178. ನಿಮ್ಮ ಆಪ್ ಕೊಟ್ಟ ಉತ್ತರ ಕೂಡ ಅದೇ ಅಲ್ವಾ?

ಈ ಮೆಟ್ ಅನ್ನುವುದರಲ್ಲಿ ಒಂದು ತೊಡಕಿದೆ. ಹೆಚ್ಚಿನವರಿಗೆ ಇದು ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೂತಾಗ ಎಲ್ಲರೂ ಕಿಲೋಗೆ ನಿಮಿಷಕ್ಕೆ 3.5 ಮಿಲಿಲೀಟರ್ ಆಕ್ಸಿಜನ್ ಬಳಸುತ್ತಾರೆ ಅನ್ನುವುದು ಅದರ ಬುನಾದಿ. ಮೇಲಿನ ನಡಿಗೆ ಸೂತ್ರದ ಕೊನೆಯ 3.5 ಕೂಡ ಅದೇ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 769 ಜನರನ್ನು ವಿಶ್ರಾಂತಿಯಲ್ಲಿಟ್ಟು ಅಳೆದು ನೋಡಿದರು. ಸಿಕ್ಕಿದ ಸರಾಸರಿ 3.5 ಅಲ್ಲ, 2.6. ಮೈಯಲ್ಲಿ ಕೊಬ್ಬಿನ ಪಾಲು ಎಷ್ಟು, ವಯಸ್ಸು ಎಷ್ಟು ಅನ್ನುವುದರ ಮೇಲೆ ಇದು ಬದಲಾಗುತ್ತದೆ. ಕೊಬ್ಬು ಸ್ನಾಯುವಿನಷ್ಟು ಆಕ್ಸಿಜನ್ ಕೇಳುವುದಿಲ್ಲ. ನಿಮ್ಮದನ್ನೇ ನೋಡಿ. ಮೆಟ್ ಲೆಕ್ಕದಲ್ಲಿ ದಿನವಿಡೀ ಸುಮ್ಮನೆ ಕೂತರೆ ನಿಮ್ಮ ಖರ್ಚು 62ನ್ನು 24ರಿಂದ ಗುಣಿಸಿದಷ್ಟು, ಅಂದರೆ 1,488. ವಯಸ್ಸು, ಎತ್ತರ, ಹೆಣ್ಣೋ ಗಂಡೋ ಅನ್ನುವುದನ್ನೂ ಸೇರಿಸಿಕೊಳ್ಳುವ ಮಿಫ್ಲಿನ್–ಸೇಂಟ್ ಜಿಯೊರ್ ಸೂತ್ರ 1990ರದ್ದು. ಅದರ ಪ್ರಕಾರ ನಿಮ್ಮದು ಸುಮಾರು 1,240. ದಿನಕ್ಕೆ 250ರಷ್ಟು ಅಂತರ, ಬರೀ ಬುನಾದಿಯಲ್ಲೇ!

ಇದಕ್ಕೇ ಅಂಟಿಕೊಂಡ ಇನ್ನೊಂದು ಎಡವಟ್ಟು, ಎರಡು ಸಲ ಎಣಿಸುವುದು. ಆ 239ರಲ್ಲಿ ನೀವು ಸೋಫಾ ಮೇಲೆ ಕೂತಿದ್ದರೂ ಖರ್ಚಾಗುತ್ತಿದ್ದ ಭಾಗವೂ ಸೇರಿದೆ. ಆ ಕೊನೆಯ 3.5 ತೆಗೆದರೆ ನಡೆದದ್ದಕ್ಕೆ ಅಂತ ಆದ ಖರ್ಚು ಸಿಗುತ್ತದೆ: 196. ನಿಮ್ಮ ದಿನದ ಊಟದ ಲೆಕ್ಕದಲ್ಲಿ ಸುಮ್ಮನಿರುವ ಖರ್ಚು ಆಗಲೇ ಸೇರಿರುತ್ತದೆ. ಅದರ ಮೇಲೆ 239 ಕೂಡಿಸಿದರೆ ಒಂದೇ ದುಡ್ಡನ್ನು ಎರಡು ಕಡೆ ಜಮಾ ಬರೆದ ಹಾಗಾಯಿತು. ನೀವು ಕೂಡಿಸಿದ್ದು 239 ಕೂಡ ಅಲ್ಲ, 310. ಅಂದರೆ ಪ್ರತಿ ಸಲ ಕಮ್ಮಿ ಅಂದರೂ 114 ಜಾಸ್ತಿ. ವಾರಕ್ಕೆ ಐದು ದಿನ, 570. ತೂಕ ಯಾಕೆ ಇಳಿದಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ನಿಮ್ಮ ದೇಹದಲ್ಲಿ ಏನೂ ಕೆಟ್ಟಿಲ್ಲ. ಕೆಟ್ಟಿರುವುದು ಲೆಕ್ಕ.

ಇನ್ನು ವಾಚ್. ಇದರ ಕಥೆ ಸ್ವಲ್ಪ ಉದ್ದ.

ವಾಚ್ ತಿರುಗಿಸಿ ನೋಡಿದರೆ ಹಸಿರು ದೀಪ ಕಾಣುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೆ ಮಣಿಕಟ್ಟಿನಲ್ಲಿ ರಕ್ತ ಹೆಚ್ಚಾದಾಗ ವಾಪಸ್ ಬರುವ ಬೆಳಕು ಚೂರು ಕಮ್ಮಿಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ಹೃದಯ ಬಡಿತ ಹೇಳುತ್ತದೆ. ಬಡಿತ ಹೇಳುವುದರಲ್ಲಿ ಇವು ಪರವಾಗಿಲ್ಲ. ಬಡಿತದಿಂದ ಕ್ಯಾಲೊರಿಗೆ ಹಾರುವಾಗ ಮುಗ್ಗರಿಸುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಬಗೆಯ ವಾಚ್ ಮತ್ತು ಬ್ಯಾಂಡ್‌ಗಳನ್ನು 60 ಜನರ ಕೈಗೆ ಕಟ್ಟಿ, ಮುಖಕ್ಕೆ ಮಾಸ್ಕ್ ಹಾಕಿ ಹೋಲಿಸಿದರು. ಹೃದಯ ಬಡಿತದಲ್ಲಿ ಏಳಕ್ಕೆ ಆರು ಶೇ 5ರೊಳಗೆ ಬಂದವು. ಕ್ಯಾಲೊರಿಯಲ್ಲಿ? ಇದ್ದದ್ದರಲ್ಲೇ ಚೆನ್ನಾಗಿದ್ದ ವಾಚ್ ಸರಾಸರಿ ಶೇ 27ರಷ್ಟು ತಪ್ಪಿತು. ಎಲ್ಲಕ್ಕಿಂತ ಕೆಟ್ಟದ್ದು ಶೇ 93. ಆಮೇಲೆ ವಾಚ್‌ಗಳು ಸುಧಾರಿಸಿವೆ, ನಿಜ. ಆದರೆ ಬಡಿತದಿಂದ ಕ್ಯಾಲೊರಿಗೆ ಹಾರುವ ಹಳ್ಳ ಮುಚ್ಚಿಲ್ಲ.

ಯಾಕೆಂದರೆ ಹೃದಯ ಬಡಿತ ಜಾಸ್ತಿಯಾಗಲು ಕೆಲಸವೊಂದೇ ಕಾರಣ ಅಲ್ಲ. ಸೆಕೆ, ನೀರು ಕುಡಿಯದಿರುವುದು, ಕಾಫಿ, ನಿದ್ದೆಗೆಟ್ಟ ರಾತ್ರಿ, ಭಯ, ಸಿಟ್ಟು, ಎಲ್ಲಕ್ಕೂ ಹೃದಯ ಓಡುತ್ತದೆ. ಸ್ನಾಯು ಆ ಹೊತ್ತಿನಲ್ಲಿ ಜಾಸ್ತಿ ಆಕ್ಸಿಜನ್ ಕೇಳಿಯೇ ಇರುವುದಿಲ್ಲ. ಒಂದು ಸಲ ನಾನು ವಾಕಿಂಗ್ ಮುಗಿಸಿ ವಾಚ್‌ನಲ್ಲಿ ವ್ಯಾಯಾಮ ನಿಲ್ಲಿಸುವುದನ್ನು ಮರೆತು ನೇರವಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಕುರ್ಚಿ ಹಿಂದಕ್ಕೆ ವಾಲಿತು, ಡ್ರಿಲ್ ಗುಂಯ್ ಅಂದಿತು, ನಾನು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದೆ. ಎದ್ದು ನೋಡಿದರೆ ವಾಚ್ ಆ ಅರ್ಧ ಗಂಟೆಯನ್ನೂ ಭಾರೀ ವ್ಯಾಯಾಮ ಅಂತ ಕ್ಯಾಲೊರಿ ಸಮೇತ ಬರೆದಿಟ್ಟಿತ್ತು. ಬೆವರಿದ್ದೆ ಅನ್ನುವುದು ಮಾತ್ರ ಸುಳ್ಳಲ್ಲ.

ಭಾರ ಎತ್ತುವವರಿಗೆ ಈ ತೊಂದರೆ ಇನ್ನೂ ಜಾಸ್ತಿ. ಬಿಗಿಹಿಡಿದು ಎತ್ತುವಾಗ ರಕ್ತದೊತ್ತಡ, ಬಡಿತ ಎರಡೂ ಚಿಮ್ಮುತ್ತವೆ. ಆಕ್ಸಿಜನ್ ಅಷ್ಟು ಏರುವುದಿಲ್ಲ. ವಾಚ್‌ಗೆ ಈ ಭೇದ ತಿಳಿಯದು. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಏರುವುದೇ ಕಮ್ಮಿ. ಅವರು ಎಷ್ಟು ದುಡಿದರೂ ವಾಚ್ ಜಿಪುಣತನ ತೋರಿಸುತ್ತದೆ.

ಕಂಪನಿಗಳು ತಮ್ಮ ಸೂತ್ರ ಹೊರಗೆ ಬಿಡುವುದಿಲ್ಲ. ಆದರೆ ದಕ್ಷಿಣ ಆಫ್ರಿಕಾದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಒಂದು ಸೂತ್ರ ಎಲ್ಲರಿಗೂ ಸಿಗುತ್ತದೆ. ಇಂಟರ್ನೆಟ್‌ನಲ್ಲಿರುವ ಎಷ್ಟೋ ಕ್ಯಾಲ್ಕುಲೇಟರ್‌ಗಳು ಅದರ ಮೇಲೆ ನಡೆಯುತ್ತವೆ. ಹೆಂಗಸರಿಗಿರುವ ಅದರ ಸೂತ್ರದಲ್ಲಿ ಪ್ರತಿ ಬಡಿತಕ್ಕೆ ನಿಮಿಷಕ್ಕೆ 0.4472 ಕಿಲೋಜೂಲ್ (ಶಕ್ತಿಯ ಇನ್ನೊಂದು ಅಳತೆ; ಸುಮಾರು 4.2 ಕಿಲೋಜೂಲ್ ಸೇರಿದರೆ ಒಂದು ಕ್ಯಾಲೊರಿ). ಸರಾಸರಿ ಬಡಿತ ಹತ್ತು ಏರಿದರೆ 40 ನಿಮಿಷದಲ್ಲಿ ಸುಮಾರು 43 ಕ್ಯಾಲೊರಿ ಏರಿತು ಅಂತ ಅರ್ಥ. ಒಂದು ಲೋಟ ಕಡಕ್ ಕಾಫಿಯೂ ಸೆಕೆಯೂ ಸೇರಿದರೆ ಹತ್ತು ಬಡಿತ ಏನು ದೊಡ್ಡ ವಿಷಯವಲ್ಲ. ಅದೇ ಸೂತ್ರದಲ್ಲಿ ಒಂದು ತಮಾಷೆಯೂ ಇದೆ. ಹೆಂಗಸರಿಗೆ ತೂಕದ ಮುಂದೆ ಮೈನಸ್ ಚಿಹ್ನೆ ಇದೆ, ಗಂಡಸರಿಗೆ ಪ್ಲಸ್. ಅಂದರೆ ಬಡಿತ ಒಂದೇ ಇದ್ದರೆ ಹೆಚ್ಚು ತೂಕದ ಹೆಂಗಸು ಕಡಿಮೆ ಸುಡುತ್ತಾಳೆ ಅನ್ನುತ್ತದೆ ಅದು! ಸುಳ್ಳು ಅಂತಲ್ಲ. ಅವರು ಅಳೆದ ಗುಂಪಿನಲ್ಲಿ ಹಾಗೆ ಬಂದಿತ್ತು. ನೀವು ಆ ಗುಂಪಿನವರ ಹಾಗಿದ್ದೀರಾ ಅನ್ನುವುದು ಬೇರೆ ಪ್ರಶ್ನೆ.

ಈಗ ನಿಮ್ಮ ಆತಂಕಕ್ಕೆ ಬರುತ್ತೇನೆ: 300 ಇದ್ದದ್ದು 264 ಆಯಿತಲ್ಲ, ಅದಕ್ಕೆ. ನಿಮ್ಮ ತೂಕ ಅಷ್ಟೇ ಇದೆ. ವೇಗ, ಏರು, ಹೊತ್ತು ಯಾವುದೂ ಬದಲಾಗಿಲ್ಲ. ಹಾಗಿದ್ದ ಮೇಲೆ ಕಾಲಿನ ಕೆಲಸವೂ ಅಷ್ಟೇ, ಬೇಕಾದ ಆಕ್ಸಿಜನ್ ಕೂಡ ಹೆಚ್ಚುಕಮ್ಮಿ ಅಷ್ಟೇ. ಬದಲಾದದ್ದು ಹೃದಯ. ನಾಲ್ಕು ತಿಂಗಳ ನಡಿಗೆಯಿಂದ ಅದು ಒಂದೊಂದು ಬಡಿತಕ್ಕೆ ಮೊದಲಿಗಿಂತ ಜಾಸ್ತಿ ರಕ್ತ ನೂಕುತ್ತಿದೆ. ಅದೇ ಆಕ್ಸಿಜನ್ ತಲುಪಿಸಲು ಈಗ ಕಮ್ಮಿ ಬಡಿತ ಸಾಕು. ವಾಚ್ ಇದನ್ನು "ಕೆಲಸ ಕಮ್ಮಿಯಾಯಿತು" ಅಂತ ಓದಿಕೊಂಡಿತು. ಮೇಲಿನ ಸೂತ್ರದ ಲೆಕ್ಕದಲ್ಲಿ 36 ಕ್ಯಾಲೊರಿ ಇಳಿಯಲು ಬಡಿತ ಎಂಟೋ ಒಂಬತ್ತೋ ಇಳಿದರೆ ಸಾಕು. ವಾಚ್‌ನ ಆಪ್ ತೆರೆದು ಮೊದಲ ವಾರದ ಸರಾಸರಿ ಬಡಿತವನ್ನೂ ಈ ವಾರದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಳಿದಿದ್ದರೆ ಯಾರಿಗಾದರೂ ತೋರಿಸಿ ಖುಷಿಪಡಿ. ನಾಲ್ಕು ತಿಂಗಳಲ್ಲಿ ನೀವು ಗಳಿಸಿದ್ದು ಅದು. ಮೆಟಬಾಲಿಸಂ ಕುಸಿದದ್ದಲ್ಲ.

ತೂಕದ ಪ್ರಶ್ನೆಗೆ ಉಳಿದರ್ಧ ಉತ್ತರ ಇನ್ನೂ ಬಾಕಿ ಇದೆ. ಅದು ಸ್ವಲ್ಪ ಕಹಿ. ನಡೆದು 196 ಖರ್ಚು ಮಾಡಿದರೆ ದಿನದ ಒಟ್ಟು ಖರ್ಚು ಸರಿಯಾಗಿ 196 ಏರುತ್ತದೆಯೇ? ಇಲ್ಲ. ದಿನದ ಒಟ್ಟು ಖರ್ಚು ಅಳೆಯಲು ಬೇರೆಯೇ ಒಂದು ಉಪಾಯವಿದೆ. ಮಾಮೂಲಿಗಿಂತ ಭಾರವಾದ ಬಗೆಯ ಹೈಡ್ರೋಜನ್ ಮತ್ತು ಆಕ್ಸಿಜನ್ ಇರುವ ನೀರನ್ನು ಕುಡಿಸಿ, ಒಂದೆರಡು ವಾರ ಮೂತ್ರ ಪರೀಕ್ಷೆ ಮಾಡುವುದು. ಹೈಡ್ರೋಜನ್ ನೀರಾಗಿ ಮಾತ್ರ ಹೊರಹೋಗುತ್ತದೆ. ಆಕ್ಸಿಜನ್ ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡರ ವೇಗದ ಅಂತರ ನೋಡಿದರೆ ಎಷ್ಟು ಇಂಧನ ಉರಿಯಿತು ಅಂತ ತಿಳಿಯುತ್ತದೆ. ಮಾಸ್ಕ್ ಇಲ್ಲ, ಕೋಣೆ ಇಲ್ಲ, ಜನ ಆರಾಮಾಗಿ ಓಡಾಡಿಕೊಂಡಿರಬಹುದು. ಸಂಶೋಧಕ ಹರ್ಮನ್ ಪಾಂಟ್ಜರ್ ಮತ್ತು ಅವರ ಜೊತೆಯವರು ಇದನ್ನು ತಾಂಜಾನಿಯಾದ ಹಾಡ್ಜಾ ಜನರಲ್ಲಿ ಬಳಸಿದರು. ಬೇಟೆಯಾಡಿ, ಗೆಡ್ಡೆ ಅಗೆದು, ದಿನವೂ ಮೈಲುಗಟ್ಟಲೆ ನಡೆಯುವ ಜನ ಅವರು. 2012ರಲ್ಲಿ ಬಂದ ಫಲಿತಾಂಶ ನಮ್ಮ ಕ್ಷೇತ್ರದವರನ್ನು ಬೆಚ್ಚಿಬೀಳಿಸಿತು. ಮೈಗಾತ್ರದ ಲೆಕ್ಕ ಹಿಡಿದು ನೋಡಿದರೆ ಅವರ ದಿನದ ಖರ್ಚು ಪಾಶ್ಚಾತ್ಯ ದೇಶಗಳಲ್ಲಿ ಕುರ್ಚಿ ಮೇಲೆ ಕೂತು ದುಡಿಯುವವರಷ್ಟೇ ಇತ್ತು. 2021ರಲ್ಲಿ 1,754 ವಯಸ್ಕರ ಅಂಕಿಗಳನ್ನು ಒಟ್ಟುಹಾಕಿ ನೋಡಿದ ಇನ್ನೊಂದು ಅಧ್ಯಯನ, ಚಟುವಟಿಕೆಯಿಂದ ಹೆಚ್ಚಾದ ಖರ್ಚಿನಲ್ಲಿ ಸರಾಸರಿ ಶೇ 28ರಷ್ಟನ್ನು ದೇಹ ಬೇರೆಲ್ಲೋ ಉಳಿಸಿಕೊಳ್ಳುತ್ತದೆ ಅಂತ ಲೆಕ್ಕ ಹಾಕಿತು. ಅದನ್ನು ನಿಮ್ಮ 196ಕ್ಕೆ ಹಚ್ಚಿದರೆ ಉಳಿಯುವುದು 141. ಇದು ಎಷ್ಟರ ಮಟ್ಟಿಗೆ ಎಲ್ಲರಿಗೂ ಹೊಂದುತ್ತದೆ ಅಂತ ನಮ್ಮಲ್ಲಿ ಇನ್ನೂ ಜಗಳ ನಡೆಯುತ್ತಿದೆ. ನನ್ನ ಮಟ್ಟಿಗೆ, ಪೂರ್ತಿ 196 ಕೈಗೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

"ವ್ಯಾಯಾಮ ಮುಗಿದ ಮೇಲೂ ಗಂಟೆಗಟ್ಟಲೆ ಕೊಬ್ಬು ಕರಗುತ್ತಿರುತ್ತೆ" ಅನ್ನುವ ಮಾತು ಜಿಮ್‌ಗಳಲ್ಲಿ ಬಹಳ ಓಡಾಡುತ್ತದೆ. ಅದು ಇರುವುದು ನಿಜ, ಆದರೆ ಚಿಲ್ಲರೆ. ನಿಮ್ಮಂಥ ನಡಿಗೆಗೆ ಲೆಕ್ಕಕ್ಕೇ ಬಾರದಷ್ಟು.

ನಂಬಬಹುದಾದ ಅಂಕಿ ಎಲ್ಲೂ ಇಲ್ಲವೇ ಅಂತ ಕೇಳಬಹುದು. ಒಂದಿದೆ, ಆದರೆ ಸೈಕಲ್ ತುಳಿಯುವವರಿಗೆ. ಪೆಡಲ್‌ನಲ್ಲಿ ಬಲ ಅಳೆಯುವ ಪವರ್ ಮೀಟರ್ ಇದ್ದರೆ ಮಾಡಿದ ಕೆಲಸ ನೇರವಾಗಿ ಕಿಲೋಜೂಲ್‌ನಲ್ಲಿ ಸಿಗುತ್ತದೆ. 150 ವಾಟ್‌ನಲ್ಲಿ ಒಂದು ಗಂಟೆ ತುಳಿದರೆ 540 ಕಿಲೋಜೂಲ್. ಮನುಷ್ಯನ ದೇಹ ಉರಿಸಿದ್ದರಲ್ಲಿ ಪೆಡಲ್‌ಗೆ ತಲುಪಿಸುವುದು ನಾಲ್ಕನೇ ಒಂದು ಭಾಗಕ್ಕಿಂತ ಚೂರು ಕಮ್ಮಿ, ಉಳಿದದ್ದು ಶಾಖ. ಹಾಗಾಗಿ ನಾಲ್ಕು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಉರಿಸಿರಬೇಕು. ಒಂದು ಕ್ಯಾಲೊರಿ ಅಂದರೆ 4.184 ಕಿಲೋಜೂಲ್. ಗುಣಿಸುವ ನಾಲ್ಕೂ ಭಾಗಿಸುವ ನಾಲ್ಕೂ ಒಂದಕ್ಕೊಂದು ಹೊಡೆದುಹೋಗಿ 540 ಕಿಲೋಜೂಲ್ ಹತ್ತಿರ ಹತ್ತಿರ 540 ಕ್ಯಾಲೊರಿ ಆಗಿಬಿಡುತ್ತದೆ. ಯಾರೂ ಯೋಚಿಸಿ ಮಾಡಿದ್ದಲ್ಲ, ಕಾಕತಾಳೀಯ. ನನಗೆ ಮಾತ್ರ ಇದನ್ನು ನೋಡಿದಾಗಲೆಲ್ಲ ಖುಷಿ. ಜಿಮ್‌ನ ಮಾಮೂಲಿ ಸೈಕಲ್‌ಗಳಲ್ಲಿ ಇಂಥ ಮೀಟರ್ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ.

ಹಾಗಾದರೆ ನೀವು ಏನು ಮಾಡಬೇಕು? ನಾನಾಗಿದ್ದರೆ ಮೊದಲು ವ್ಯಾಯಾಮದ ಕ್ಯಾಲೊರಿಯನ್ನು "ವಾಪಸ್ ತಿನ್ನುವುದು" ನಿಲ್ಲಿಸುತ್ತಿದ್ದೆ. ನಲವತ್ತು ನಿಮಿಷದ ನಡಿಗೆಗೆ ಬೇರೆ ಊಟ ಬೇಕಿಲ್ಲ. ನಿಜವಾಗಿ ಹಸಿವಾದರೆ ತಿನ್ನಿ. ಆದರೆ ಪರದೆ ಹೇಳಿತು ಅಂತ ತಿನ್ನಬೇಡಿ. ಗಂಟೆಗಟ್ಟಲೆ ಓಡುವವರ, ಸೈಕಲ್ ತುಳಿಯುವವರ ಮಾತು ಬೇರೆ. ಅವರು ತಿನ್ನದಿದ್ದರೆ ಸೊರಗುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬದಲಿಸಬಾರದು.

ತೂಕವನ್ನು ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ವಾರದ ಸರಾಸರಿ ಬರೆದಿಡಿ. ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ನೀರು, ಉಪ್ಪು, ಮುಟ್ಟಿನ ದಿನಗಳು, ಎಲ್ಲವೂ ಅದನ್ನು ಆಚೀಚೆ ಎಳೆಯುತ್ತವೆ. ನಾಲ್ಕು ವಾರದ ಸರಾಸರಿ ಎತ್ತ ಹೋಗುತ್ತಿದೆ ಅನ್ನುವುದು ಯಾವ ವಾಚ್‌ಗಿಂತಲೂ ಸರಿಯಾಗಿ ನಿಮ್ಮ ಜಮಾ ಖರ್ಚು ಹೇಳುತ್ತದೆ. ನಿರೀಕ್ಷೆಯೂ ಹದದಲ್ಲಿರಲಿ. ಊಟ ಏನೂ ಬದಲಾಗದೆ, 196 ಪೂರ್ತಿ ಉಳಿಯಿತು ಅಂದುಕೊಂಡರೂ ನಾಲ್ಕು ತಿಂಗಳಿಗೆ, ಅಂದರೆ ಸುಮಾರು 17 ವಾರಕ್ಕೆ, 16,660 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನ ಅಂಗಾಂಶಕ್ಕೆ ಸುಮಾರು 7,700 ಅನ್ನುವ ಹಳೆಯ ಲೆಕ್ಕ ಹಿಡಿದರೆ ಎರಡು ಕಿಲೋ ಚಿಲ್ಲರೆ. ಅದೂ ಕಾಗದದ ಮೇಲೆ. ತೂಕ ಇಳಿಸುವ ಕೆಲಸದ ದೊಡ್ಡ ಪಾಲು ಊಟದ್ದೇ.

ವ್ಯಾಯಾಮವನ್ನು ನಿಮಿಷದಲ್ಲಿ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ. ನಿಮ್ಮದು ಆಗಲೇ 200. ನಿಮಿಷ ಎಣಿಸಲು ಯಾವ ಸೂತ್ರವೂ ಬೇಕಿಲ್ಲ, ಗೋಡೆ ಗಡಿಯಾರ ಸಾಕು.

ಕೊನೆಗೆ ಕಂಬಿ. ನಿಮ್ಮ ಗೆಳತಿ ಹೇಳಿದ್ದು ಸರಿ, ಅದೂ ಅವರು ಅಂದುಕೊಂಡಿದ್ದಕ್ಕಿಂತ ಹೆಚ್ಚು ಸರಿ. ಏರಿನಲ್ಲಿ ಕಂಬಿ ಹಿಡಿದವರನ್ನು ಪಕ್ಕದಿಂದ ನೋಡಿ. ಮೈ ಹಿಂದಕ್ಕೆ ವಾಲಿ ಬೆಲ್ಟ್‌ಗೆ ನೆಟ್ಟಗೆ ನಿಂತಿರುತ್ತದೆ, ಸಮತಟ್ಟು ನೆಲದ ಮೇಲೆ ನಿಂತ ಹಾಗೆ. ಮೈಭಾರದ ಒಂದು ಪಾಲು ತೋಳಿಗೆ ಹೋಗಿರುತ್ತದೆ. ತೋಳು ಹೊತ್ತದ್ದನ್ನು ಕಾಲು ಹೊರುವುದಿಲ್ಲ. ಹಾಗೆ ವಾಲಿ ಏರಿನ ಕೆಲಸ ಪೂರ್ತಿ ತಪ್ಪಿಹೋದರೆ ಸೂತ್ರದ 239 ಇಳಿದು 157 ಆಗುತ್ತದೆ. ಟ್ರೆಡ್‌ಮಿಲ್‌ಗೆ ಇದೆಲ್ಲ ಗೊತ್ತಾಗುವುದಿಲ್ಲ. ಎಷ್ಟೋ ಟ್ರೆಡ್‌ಮಿಲ್‌ಗಳಲ್ಲಿ ಬೆಲ್ಟ್ ಓಡಲು ಬಿಟ್ಟು ನೀವು ಪಕ್ಕದಲ್ಲಿ ನಿಂತು ಹರಟೆ ಹೊಡೆದರೂ ಕ್ಯಾಲೊರಿ ಏರುತ್ತಲೇ ಇರುತ್ತದೆ. ಕಂಬಿ ಹಿಡಿದ ಕೈ ಅಲುಗಾಡದೆ ಇರುವುದರಿಂದ ವಾಚ್ ಕೂಡ ಹೆಜ್ಜೆಗಳನ್ನು ತಪ್ಪಿಸುತ್ತದೆ.

ವೇಗವನ್ನು 5ಕ್ಕೆ ಇಳಿಸಿ, ಏರು 4ರಲ್ಲೇ ಇರಲಿ, ಕೈ ಬಿಟ್ಟು ನಡೆಯಿರಿ. ಸೂತ್ರದ ಪ್ರಕಾರ 221. ವಾಲಿಕೊಂಡು 5.5ರಲ್ಲಿ ನಡೆದದ್ದಕ್ಕಿಂತ ಎಷ್ಟೋ ವಾಸಿ. ಮೊದಮೊದಲು ಮೈ ತೂಗಿದ ಹಾಗೆ ಅನಿಸಿದರೆ ಎರಡು ಬೆರಳು ಕಂಬಿಗೆ ತಾಗಿಸಿಕೊಳ್ಳಿ, ಭಾರ ಮಾತ್ರ ಹಾಕಬೇಡಿ. ತಲೆಸುತ್ತು, ಮಂಡಿನೋವು, ಬೀಳುವ ಭಯ ಇದ್ದರೆ ಹಿಡಿದೇ ನಡೆಯಿರಿ, ತಪ್ಪಿಲ್ಲ. ಕೈಬಿಟ್ಟ ಮೊದಲ ವಾರ ವಾಚ್ ಮತ್ತೆ 290, 300 ತೋರಿಸಬಹುದು. ಆಗ ಗಾಬರಿಯಾಗಿ ಇನ್ನೊಂದು ಪತ್ರ ಬರೆಯಬೇಡಿ. ಈ ಸಲ ಬಡಿತ ಏರಿದ್ದು ಕಾಲುಗಳು ನಿಜವಾಗಿ ಏರು ಹತ್ತಿದ್ದಕ್ಕೆ.